ಡಿಫ್ ಲಾಕ್ ಬೇಕಾ? ಗದ್ದೆಯ ಟ್ರ್ಯಾಕ್ಟರ್ ನೋಡಿ
'ಫೋರ್ ವೀಲ್ ಡ್ರೈವ್ ತಗೊಳ್ತಿದೀನಿ, ಡಿಫ್ ಲಾಕ್ ಇರಲೇಬೇಕಾ?' ಅಂತ ದಾವಣಗೆರೆಯ ಕೇಳುಗರೊಬ್ಬರು ಕೇಳಿದ್ದಾರೆ. ಉತ್ತರ ಹರಿಹರದ ಕಡೆಯ ಭತ್ತದ ಗದ್ದೆಯಲ್ಲೇ ಇದೆ.

ಟ್ರ್ಯಾಕ್ಟರಿನ ಒಂದು ಹಿಂದಿನ ಚಕ್ರ ಕೆಸರಲ್ಲಿ ಸುಮ್ಮನೆ ತಿರುಗ್ತಿದ್ರೆ ಡ್ರೈವರ್ ಡಿಫ್ ಲಾಕ್ ಪೆಡಲ್ ಒತ್ತುತ್ತಾರೆ. ಎರಡೂ ಚಕ್ರ ಒಟ್ಟಿಗೆ ತಿರುಗುತ್ತವೆ, ಹಿಡಿತ ಇರೋ ಚಕ್ರ ಗಾಡಿಯನ್ನ ಎಳೆಯುತ್ತೆ. ತಿರುಗಿಸೋ ಮುಂಚೆ ಕಾಲು ತೆಗೀತಾರೆ, ಇಲ್ಲಾಂದ್ರೆ ಟ್ರ್ಯಾಕ್ಟರ್ ನೇರಕ್ಕೇ ಎಳೆಯುತ್ತೆ.

ಕಾರಲ್ಲೂ ಅಷ್ಟೇ. ಒಂದು ಚಕ್ರಕ್ಕಾದ್ರೂ ಹಿಡಿತ ಇದ್ರೆ ಮಾತ್ರ ಲಾಕ್ ಉಪಯೋಗ. ಮಳೆ ಬಿದ್ದ ಎರೆ ಮಣ್ಣು ನಾಲ್ಕೂ ಟೈರಿಗೆ ಮೆತ್ತಿಕೊಂಡ್ರೆ ಲಾಕ್ ಏನು ಮಾಡುತ್ತೆ? ಮಾರುತಿ ಜಿಮ್ನಿಯಲ್ಲಿ ಲಾಕ್ ಇಲ್ಲ. ಜಾರುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಬಲವನ್ನ ಇನ್ನೊಂದಕ್ಕೆ ಕಳಿಸುತ್ತೆ. ಹೊಲದ ದಾರಿಗೆ ಅಷ್ಟು ಸಾಕು. ದುಡ್ಡನ್ನ ಮೊದಲು ಒಳ್ಳೆ ಟೈರಿಗೆ, ಗಟ್ಟಿ ಹಗ್ಗಕ್ಕೆ ಹಾಕಿ. ಕಲ್ಲು, ಹಳ್ಳ ಹತ್ತೋ ಹವ್ಯಾಸ ಇದ್ರೆ ಲಾಕ್ ತಗೊಳ್ಳಿ.