ಮನೆ ನೋಡುವ ಮುನ್ನ ಬೀದಿ ನೋಡಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಕಟ್ಟುವ ತಾಪತ್ರಯವೇ ಬೇಡವೆಂದು ಊರಾಚೆಯ ಹೊಸ ಬಡಾವಣೆಯಲ್ಲಿ ಕಟ್ಟಿದ ಮನೆ ಕೊಳ್ಳುವವರು ಈಗ ಬಹಳ. ಭಾನುವಾರ ಬೆಳಿಗ್ಗೆ ದಲ್ಲಾಳಿಯ ಜೊತೆ ಹೋಗುತ್ತೇವೆ. ಅಡುಗೆಕಟ್ಟೆಗೆ ಗ್ರಾನೈಟ್ ಹಾಕಿದ್ದಾರೆಯೇ, ದೇವರಮನೆ ಈಶಾನ್ಯಕ್ಕಿದೆಯೇ, ಬಟ್ಟೆ ಒಣಗಿಸಲು ಹಿತ್ತಲಿದೆಯೇ ಎಂದೆಲ್ಲ ನೋಡುತ್ತೇವೆ. ಗೇಟಿನ ಹೊರಗೆ ನಿಂತು ಬೀದಿಯನ್ನು ಅರ್ಧ ಗಂಟೆ ನೋಡಿದವರು ಎಷ್ಟು ಜನ?

ಅಡುಗೆಕಟ್ಟೆ ಎತ್ತರವಾಯಿತೆಂದರೆ ಒಡೆಸಿ ಮತ್ತೆ ಹಾಕಿಸಬಹುದು. ಬೀದಿಯನ್ನು ಹಾಗೆ ಮಾಡಲು ಬರುವುದಿಲ್ಲ. ಬ್ಯಾಂಕಿನ ಸಾಲವೋ 15–20 ವರ್ಷದ್ದು. ಅದು ತೀರುವ ಹೊತ್ತಿಗೆ ತೊಟ್ಟಿಲಲ್ಲಿದ್ದ ಮಗು ಕಾಲೇಜು ಮುಗಿಸಿರುತ್ತದೆ. ಬೆಳಿಗ್ಗೆ 9ಕ್ಕೆ ಹೊರಟು ರಾತ್ರಿ 7ಕ್ಕೆ ಬರುವ ಯಜಮಾನರಿಗೆ ಬೀದಿ ಎಂದರೆ ಸ್ಕೂಟರ್ ನಿಲ್ಲಿಸುವ ಜಾಗ. ಹಗಲೆಲ್ಲ ಅಲ್ಲಿ ಬಾಳುವವರು ಮಕ್ಕಳು, ಅತ್ತೆ-ಮಾವ ಮತ್ತು ನಾವು. ಆದ್ದರಿಂದ ಬೀದಿಯ ವಿಷಯದಲ್ಲಿ ಗೃಹಿಣಿಯ ಮಾತು ಮುಂಗಡ ಕೊಡುವ ಮೊದಲೇ ನಡೆಯಬೇಕು.

ನಮ್ಮ ನಾಡಿನಲ್ಲಿ ಬಡಾವಣೆಗಳು ಹುಟ್ಟಿದ್ದೇ ಒಳ್ಳೆಯ ಬೀದಿಯ ಆಸೆಯಿಂದ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿನ ಓಣಿಗಳು ಜನರನ್ನು ಕಂಗೆಡಿಸಿದವು. ಗಾಳಿ ಬೆಳಕು ಬರಲೆಂದು ಅಗಲ ಬೀದಿಗಳಿಟ್ಟು ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿದರು. ಮೈಸೂರಿನಲ್ಲಿ ಇದಕ್ಕಾಗಿಯೇ 1903ರಲ್ಲಿ ನಗರ ಸುಧಾರಣಾ ಮಂಡಳಿ ಬಂತು.

ಮಕ್ಕಳು ಬೀದಿಗಿಳಿದರೆ?

ಮೊದಲು ನೋಡಬೇಕಾದ್ದು ಆ ಬೀದಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎನ್ನುವುದು. ಅಡ್ಡರಸ್ತೆ ಎಂದು ಹೆಸರಿದ್ದರೆ ಸಾಲದು. ಎರಡು ದೊಡ್ಡ ರಸ್ತೆಗಳ ನಡುವೆ ಒಳದಾರಿಯಾಗಿದ್ದರೆ, ಸಿಗ್ನಲ್ ತಪ್ಪಿಸುವವರೆಲ್ಲ ಅಲ್ಲೇ ನುಗ್ಗುತ್ತಾರೆ. ಮುಂದೆ ದಾರಿಯಿಲ್ಲದ ಬೀದಿಯಲ್ಲಿ ಅಲ್ಲಿಯವರ ಗಾಡಿಗಳಷ್ಟೇ ಓಡಾಡುತ್ತವೆ. ‘40 ಅಡಿ ರಸ್ತೆ’ ಎಂದು ದಲ್ಲಾಳಿ ಹಿಗ್ಗಿನಿಂದ ಹೇಳುತ್ತಾನೆ. ಅಗಲ ರಸ್ತೆ ನೇರವಾಗಿದ್ದು ಹಂಪ್ ಇಲ್ಲದಿದ್ದರೆ ಹುಡುಗರು ಬೈಕು ಹಾರಿಸುವುದೂ ಅಲ್ಲೇ. ಮಕ್ಕಳು ಓಡಾಡುವ ಕಡೆ ವಾಹನದ ವೇಗ ಗಂಟೆಗೆ 30 ಕಿ.ಮೀ. ಮೀರಬಾರದೆಂದು 2020ರಲ್ಲಿ ಸ್ಟಾಕ್‌ಹೋಂನಲ್ಲಿ ಸೇರಿದ ಹಲವು ದೇಶಗಳ ಮಂತ್ರಿಗಳೂ ಹೇಳಿದ್ದಾರೆ.

ವಾಹನ ಹೆಚ್ಚಾದರೆ ಅಪಾಯವೊಂದೇ ಅಲ್ಲ, ನೆರೆಹೊರೆಯ ಬಳಕೆಯೂ ಕಡಿಮೆಯಾಗುತ್ತದೆ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ಪ್ರಾಧ್ಯಾಪಕರು 1969ರ ಸುಮಾರಿಗೆ ಒಂದೇ ಬಗೆಯ ಬೀದಿಗಳನ್ನು ಹೋಲಿಸಿ ನೋಡಿದರು. ದಿನಕ್ಕೆ ಸುಮಾರು 2,000 ವಾಹನ ಹೋಗುವ ಬೀದಿಯಲ್ಲಿ ಒಬ್ಬೊಬ್ಬರಿಗೆ ಸರಾಸರಿ 3 ಸ್ನೇಹಿತರು, 6 ಪರಿಚಯಸ್ಥರು. ಸುಮಾರು 16,000 ವಾಹನ ಹೋಗುವ ಬೀದಿಯಲ್ಲಿ ಒಬ್ಬ ಸ್ನೇಹಿತ ಸಿಗುವುದೂ ಕಷ್ಟ, ಪರಿಚಯಸ್ಥರು ಮೂವರು! ಸಂಜೆ ಗೇಟಿನ ಬಳಿ ನಿಂತು ‘ಏನ್ರೀ, ಅಡಿಗೆ ಆಯ್ತಾ?’ ಎನ್ನುವ ಸುಖ ಯಾವ ಬೀದಿಯಲ್ಲಿ ಉಳಿದೀತೆಂದು ನೀವೇ ಊಹಿಸಿ.

ಮೂರು ಹೊತ್ತು, ಮೂರು ಸಲ

ಭಾನುವಾರ ಬೆಳಿಗ್ಗೆ ಎಲ್ಲ ಬೀದಿಯೂ ಸಾಧುವೇ. ಹಾಗಾಗಿ ಇನ್ನೂ ಮೂರು ಸಲ ಹೋಗಿ ಬನ್ನಿ. ವಾರದ ದಿನ ಬೆಳಿಗ್ಗೆ ಎಂಟೂವರೆಗೆ ಹೋದರೆ ಶಾಲೆಯ ವ್ಯಾನು ಎಲ್ಲಿ ನಿಲ್ಲುತ್ತದೆ, ಕಸದ ಗಾಡಿ ಬರುತ್ತದೆಯೇ ಎಂದು ಗೊತ್ತಾಗುತ್ತದೆ. ಸಂಜೆ ಐದಕ್ಕೆ ಮಕ್ಕಳು ಹೊರಗೆ ಆಡುತ್ತಿದ್ದಾರೆಯೇ ನೋಡಿ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ. ರಾತ್ರಿ ಎಂಟರ ಮೇಲೆ ಬಸ್ ನಿಲ್ದಾಣದಿಂದ ಮನೆಯವರೆಗೆ ನಡೆದೇ ಬನ್ನಿ. ದೀಪಗಳು ಉರಿಯುತ್ತವೆಯೇ? ದಾರಿಯಲ್ಲಿ ಬಾರ್ ಇದೆಯೇ? ಟ್ಯೂಷನ್ ಮುಗಿಸಿ ಬರುವ ಮಗಳು ಒಬ್ಬಳೇ ನಡೆದಾಳೇ?

ಹತ್ತಿರ ಕಲ್ಯಾಣ ಮಂಟಪವಿದ್ದರೆ ಮುಹೂರ್ತವಿರುವ ದಿನವೂ ಒಮ್ಮೆ ಹೋಗಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಆದರೆ ಪರೀಕ್ಷೆಗೆ ಓದುವ ಹುಡುಗನಿಗೆ ಸಂಜೆಯ ಆರ್ಕೆಸ್ಟ್ರಾ ಸಾಕಲ್ಲ!

ನೀರು ಬರುವುದೂ, ನುಗ್ಗುವುದೂ

‘ನೀರಿಗೇನೂ ತೊಂದರೆ ಇಲ್ಲ’ ಎಂಬ ಮಾತನ್ನು ಮಾರುವವರ ಬಾಯಿಂದ ಕೇಳಬೇಡಿ. ಎದುರು ಮನೆಯಾಕೆಯನ್ನು ಕೇಳಿ: ‘ಅಕ್ಕಾ, ನಲ್ಲಿ ಎಷ್ಟು ದಿನಕ್ಕೊಂದು ಸಲ ಬಿಡ್ತಾರೆ? ಏಪ್ರಿಲ್‌ನಲ್ಲಿ ಬೋರ್‌ವೆಲ್ ಬತ್ತುತ್ತಾ? ಟ್ಯಾಂಕರ್ ತರಿಸ್ತೀರಾ?’ ಒಂದೇ ಊರಿನಲ್ಲೂ ಬೀದಿಬೀದಿಗೆ ಬೇರೆ ಕಥೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೇ ದಿನದ 24 ಗಂಟೆ ನೀರು ಬಂತು. ಅದೇ ಊರುಗಳ ಉಳಿದ ವಾರ್ಡಿನವರು ಕೊಡ ಸಾಲಿಟ್ಟು ದಿನಗಟ್ಟಲೆ ಕಾದರು.

ಮಳೆಗಾಲದಲ್ಲಿ ಒಮ್ಮೆ ನೋಡದೆ ಮನೆ ಕೊಳ್ಳಬೇಡಿ. ತಗ್ಗಿನ ಬೀದಿಗೆ ಮೇಲಿನ ಬಡಾವಣೆಯ ನೀರೆಲ್ಲ ಇಳಿಯುತ್ತದೆ. ಕೆರೆಯಂಗಳ, ರಾಜಕಾಲುವೆಯ ಪಕ್ಕದ ನಿವೇಶನ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬಾರದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಬೆಳ್ಳಂದೂರಿನ ಸುತ್ತ ಕೋಟಿ ಬೆಲೆಯ ಮನೆಗಳವರನ್ನೂ ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಕರೆತರಬೇಕಾಯಿತು. ನೋಡಲು ಹೋದಾಗ ಬೀದಿಯ ಕಾಂಪೌಂಡುಗಳ ಬುಡ ಗಮನಿಸಿ. ನೀರು ನಿಂತ ಕಲೆ ಸುಣ್ಣದಡಿಯಲ್ಲೂ ಕಾಣಿಸುತ್ತದೆ. ಮನೆಮನೆಯ ಬಾಗಿಲಿಗೂ ಮೊಣಕಾಲೆತ್ತರದ ಕಟ್ಟೆ ಕಟ್ಟಿದ್ದರೆ ಕಾರಣ ಕೇಳಿಯೇ ಬನ್ನಿ.

ಪಕ್ಕದ ಖಾಲಿ ಜಾಗ ಯಾರದ್ದು?

‘ಇಲ್ಲಿ ಪಾರ್ಕು ಬರುತ್ತೆ ಮೇಡಂ’ ಎಂದು ಮುಳ್ಳುಗಿಡ ಬೆಳೆದ ಜಾಗವನ್ನು ತೋರಿಸುತ್ತಾರೆ. ಮುಂದೆ ಅಲ್ಲಿ ಮೂರಂತಸ್ತಿನ ಗೋದಾಮು ಏಳಬಹುದು. ಉತ್ತರ ಇರುವುದು ಪ್ರಾಧಿಕಾರ ಮಂಜೂರು ಮಾಡಿದ ಬಡಾವಣೆ ನಕ್ಷೆಯಲ್ಲಿ. ಪ್ರತಿ ಕೇಳಿ ಪಡೆದು, ಉದ್ಯಾನ ಮತ್ತು ‘ಸಿ.ಎ. ನಿವೇಶನ’ ಎಂದು ಗುರುತು ಹಾಕಿದ ಜಾಗಗಳನ್ನು ಹುಡುಕಿ. ಸಿ.ಎ. ಎಂದರೆ ಶಾಲೆ, ಆಸ್ಪತ್ರೆಗಳಂಥ ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯಲ್ಲಿ ಬಡಾವಣೆಯ ಕನಿಷ್ಠ ಶೇಕಡಾ 15 ಭಾಗ ಉದ್ಯಾನ, ಆಟದ ಬಯಲುಗಳಿಗೂ ಶೇಕಡಾ 10 ಭಾಗ ಇಂಥ ಸೌಲಭ್ಯಗಳಿಗೂ ಇರಬೇಕೆಂದು ಬರೆದರು. ಉದ್ಯಾನಗಳನ್ನು ಉಳಿಸಿಕೊಳ್ಳಲೆಂದೇ ರಾಜ್ಯದಲ್ಲಿ 1985ರ ಕಾಯ್ದೆಯೂ ಇದೆ.

ಹೊಸ ಬಡಾವಣೆಯಾದರೆ 2016ರ ‘ರೇರಾ’ ಕಾಯ್ದೆಯಡಿ ನೋಂದಣಿಯಾಗಿದೆಯೇ ವಿಚಾರಿಸಿ. 500 ಚದರ ಮೀಟರ್ ಮೀರಿದ ಯೋಜನೆಯನ್ನು ನೋಂದಾಯಿಸದೆ ಮಾರುವಂತಿಲ್ಲ. ಭೂಪರಿವರ್ತನೆ ಆದೇಶ, ಇ-ಖಾತೆ, ಋಣಭಾರ ಪತ್ರ ಈ ಮೂರನ್ನೂ ವಕೀಲರಿಗೆ ತೋರಿಸಿ. ಇದೆಲ್ಲ ಗಂಡಸರ ಕೆಲಸವೆಂದು ಸುಮ್ಮನಿರಬೇಡಿ. ಬಡಾವಣೆಯೇ ಸಕ್ರಮವಲ್ಲದಿದ್ದರೆ ರಸ್ತೆಗೆ ಟಾರು, ಒಳಚರಂಡಿ, ನಲ್ಲಿ ಇವೆಲ್ಲ ವರ್ಷಾನುಗಟ್ಟಲೆ ತಡ. ಕೆಸರು ತುಳಿದು ಮಗುವನ್ನು ಶಾಲೆಗೆ ಬಿಡಬೇಕಾದವರು ನಾವೇ.

ಮುಂಗಡ ಕೊಡುವ ಮೊದಲು

* ಪ್ರಾಥಮಿಕ ಶಾಲೆ, ಔಷಧಿ ಅಂಗಡಿ, ತರಕಾರಿ, ಹಾಲಿನ ಬೂತು ನಡಿಗೆಯ ದೂರದಲ್ಲಿವೆಯೇ?
* ಆಂಬುಲೆನ್ಸ್ ಮನೆ ಬಾಗಿಲಿಗೆ ಬರಬಹುದೇ? ಎರಡೂ ಬದಿ ಕಾರು ನಿಂತರೆ 20 ಅಡಿ ರಸ್ತೆಯಲ್ಲಿ ಉಳಿಯುವ ಜಾಗವೆಷ್ಟು?
* ಅತ್ತೆ-ಮಾವ ಸಂಜೆ ನಡೆದಾಡಲು, ಕೂರಲು ಜಾಗವಿದೆಯೇ?
* ಟ್ರಾನ್ಸ್‌ಫಾರ್ಮರ್, ಕಸದ ಮೂಲೆ, ಬಾಯಿತೆರೆದ ಚರಂಡಿ ಮನೆಗೆ ಎಷ್ಟು ಹತ್ತಿರ?
* ಬೀದಿಯಲ್ಲಿ ಮೂರು ಮನೆಯವರೊಡನೆ ಮಾತಾಡಿದಿರಾ?

ಕೊನೆಯದನ್ನು ಮಾತ್ರ ಮರೆಯಬೇಡಿ. ಹೊಸಬರು ಬಂದು ಬಾಗಿಲು ತಟ್ಟಿದಾಗ ‘ಬನ್ನಿ, ಒಳಗೆ ಬನ್ನಿ, ನೀರು ಕುಡೀರಿ’ ಎನ್ನುವವರು ಬೀದಿಯಲ್ಲಿ ಇಬ್ಬರಾದರೂ ಸಿಕ್ಕರೆ, ಅಡುಗೆಮನೆ ಎರಡಡಿ ಚಿಕ್ಕದಾದರೂ ಚಿಂತೆಯಿಲ್ಲ. ನಡುರಾತ್ರಿ ಮಗುವಿಗೆ ಜ್ವರ ಬಂದಾಗ ಹೊಸ ಗ್ರಾನೈಟ್ ಕಟ್ಟೆ ಎದ್ದು ಬರುವುದಿಲ್ಲ, ಪಕ್ಕದ ಮನೆಯವರು ಬರುತ್ತಾರೆ.