ಎಂಜಿನ್ನಿನ ತಾಪಕ್ಕೆ ಕಂಪ್ಯೂಟರಿನ ಕಾವಲು

ಕಬ್ಬು ಅರೆಯುವ ಹಂಗಾಮು ಆರಂಭವಾಯಿತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಲಾರಿ, ಟ್ರ್ಯಾಕ್ಟರುಗಳಿಗೆ ಬಿಡುವಿಲ್ಲ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಸಕ್ಕರೆ ಕಾರ್ಖಾನೆಯ ಕಾಲದಿಂದಲೂ ಈ ಸಾಗಣೆ ಎಂಜಿನ್ನಿಗೆ ಕಠಿಣ ಪರೀಕ್ಷೆಯೇ. ಭಾರ ಹೆಚ್ಚು, ವೇಗ ಕಡಿಮೆ, ಎದುರುಗಾಳಿ ಅಲ್ಪ. ರೇಡಿಯೇಟರಿನ ಸಂದುಗಳಲ್ಲಿ ಧೂಳು, ಕಬ್ಬಿನ ತರಗು.

ಹಳೆಯ ವಾಹನಗಳಲ್ಲಿ ಬೆಲ್ಟಿನಿಂದ ತಿರುಗುವ ಫ್ಯಾನು ಮತ್ತು ಸುಮಾರು 82 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ದಾರಿ ಬಿಡುವ ಮೇಣದ ಥರ್ಮೋಸ್ಟಾಟ್ ತಾಪವನ್ನು ನಿಯಂತ್ರಿಸುತ್ತಿದ್ದವು. ಬೇಕಿರಲಿ, ಬೇಡದಿರಲಿ ಫ್ಯಾನು ತಿರುಗುತ್ತಲೇ ಇರುತ್ತಿತ್ತು. ಭಾರೀ ಲಾರಿಯಲ್ಲಿ ಅದು ನುಂಗುವ ಶಕ್ತಿ ಹತ್ತಾರು ಅಶ್ವಶಕ್ತಿಯಷ್ಟು. ಆ ನಷ್ಟವೆಲ್ಲ ಡೀಸೆಲ್ ಲೆಕ್ಕಕ್ಕೇ ಸೇರುತ್ತದೆ.

ಹೊಸ ವ್ಯವಸ್ಥೆಯಲ್ಲಿ ತಾಪ ಏರಿದಂತೆ ವಿದ್ಯುತ್ ರೋಧ ಇಳಿಯುವ ಪುಟ್ಟ ಸೆನ್ಸರ್ ಒಂದು ಕೂಲೆಂಟಿನ ಸ್ಥಿತಿಯನ್ನು ಇ.ಸಿ.ಯು. ಎಂಬ ಕಂಪ್ಯೂಟರಿಗೆ ತಿಳಿಸುತ್ತದೆ. ಭಾರ, ವೇಗಗಳನ್ನೂ ಪರಿಗಣಿಸಿ ಅದು ಫ್ಯಾನಿನ ವೇಗವನ್ನು ನಿರ್ಧರಿಸುತ್ತದೆ. ಕೆಲವು ವಾಹನಗಳಲ್ಲಿ ಥರ್ಮೋಸ್ಟಾಟಿನೊಳಗೆ ವಿದ್ಯುತ್ ಸುರುಳಿಯೂ ಉಂಟು. ಅದು ಮೇಣವನ್ನು ಬೇಗ ಕರಗಿಸಿ, ಏರುದಾರಿಯಲ್ಲಿ ಎಂಜಿನ್ನನ್ನು ಮುಂಚಿತವಾಗಿಯೇ ತಂಪಾಗಿಸುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿ.ಎಸ್.-6 ನಿಯಮಗಳ ನಂತರ ಇಂತಹ ನಿಯಂತ್ರಣದ ಮಹತ್ವ ಹೆಚ್ಚಿದೆ. ಹೊಗೆಯನ್ನು ತಂಪು ಮಾಡಿ ಮರಳಿ ಎಂಜಿನ್ನಿಗೆ ಕಳುಹಿಸುವ ವಾಹನಗಳಲ್ಲಿ ಆ ಶಾಖವೂ ಕೂಲೆಂಟಿನ ಪಾಲಿಗೇ ಬರುತ್ತದೆ.

ಗ್ಯಾರೇಜುಗಳವರು ಎಚ್ಚರ ವಹಿಸಬೇಕಾದುದು ಇಲ್ಲಿಯೇ. ಎಂಜಿನ್ ಕಾದರೆ ಥರ್ಮೋಸ್ಟಾಟನ್ನೇ ಕಿತ್ತೆಸೆಯುವುದು ಹಳೆಯ ಮೆಕ್ಯಾನಿಕರ ರೂಢಿ. ಹೊಸ ವಾಹನದಲ್ಲಿ ಹಾಗೆ ಮಾಡಿದರೆ ಎಂಜಿನ್ ಇನ್ನೂ ಕಾದಿಲ್ಲವೆಂದು ಭಾವಿಸಿ ಕಂಪ್ಯೂಟರು ಇಂಧನದ ಲೆಕ್ಕವನ್ನೇ ಬದಲಿಸುತ್ತದೆ. ಮೈಲೇಜು ಕುಸಿಯುತ್ತದೆ, ಎಚ್ಚರಿಕೆಯ ದೀಪ ಬೆಳಗುತ್ತದೆ. ಫ್ಯಾನು ಸದಾ ಪೂರ್ಣ ವೇಗದಲ್ಲಿ ತಿರುಗುತ್ತಿದ್ದರೆ ದೋಷ ಫ್ಯಾನಿನದೇ ಆಗಿರಬೇಕೆಂದಿಲ್ಲ: ಸೆನ್ಸರ್ ಸಂಪರ್ಕ ತಪ್ಪಿದಾಗ ಎಂಜಿನ್ ರಕ್ಷಣೆಗಾಗಿ ಕಂಪ್ಯೂಟರೇ ಹಾಗೆ ಆದೇಶಿಸುವುದುಂಟು. ದುಬಾರಿ ಫ್ಯಾನನ್ನು ಬದಲಿಸುವ ಮೊದಲು ಸ್ಕ್ಯಾನರ್ ಜೋಡಿಸಿ ದೋಷಸಂಕೇತವನ್ನು ಓದುವುದು ಲಾಭಕರ.

ಕೊಳವೆಬಾವಿಯ ಗಡಸು ನೀರಿನ ಸಮಸ್ಯೆಯನ್ನು ಯಾವ ಕಂಪ್ಯೂಟರೂ ಪರಿಹರಿಸದು. ಸುಣ್ಣದ ಪದರ ಕಟ್ಟಿದ ರೇಡಿಯೇಟರು ಶಾಖವನ್ನು ಬಿಟ್ಟುಕೊಡುವುದಿಲ್ಲ. ತಯಾರಕರು ಸೂಚಿಸಿದ ಕೂಲೆಂಟನ್ನು ಶುದ್ಧೀಕರಿಸಿದ ನೀರಿನಲ್ಲಿ ಬೆರೆಸಿ ಬಳಸುವುದೇ ಕ್ರಮ.

ಟ್ರ್ಯಾಕ್ಟರುಗಳ ಮಾತು ಬೇರೆ. 50 ಅಶ್ವಶಕ್ತಿಯೊಳಗಿನ ಬಹುಪಾಲು ಟ್ರ್ಯಾಕ್ಟರುಗಳಲ್ಲಿ ಇಂದಿಗೂ ಬೆಲ್ಟು, ಮೇಣಗಳದೇ ಆಡಳಿತ. ಹೀಗಾಗಿ ಮೂರೂ ಪಟ್ಟಣಗಳ ಗ್ಯಾರೇಜುಗಳು ಸ್ಕ್ಯಾನರನ್ನೂ ಸ್ಪ್ಯಾನರನ್ನೂ ಒಂದೇ ಮೇಜಿನ ಮೇಲೆ ಇರಿಸಿಕೊಳ್ಳಬೇಕಾಗಿದೆ.