ಯಾರ ಬಾಗಿಲು ತಟ್ಟಬೇಕು?

ಮಲೆ ಮಹದೇಶ್ವರನ ಕಾವ್ಯದಲ್ಲಿ ಕಂಸಾಳೆಯವರು ಹಾಡುವ ಒಂದು ಭಾಗ ‘ಸಂಕಮ್ಮನ ಸಾಲು’. ಸೋಲಿಗರ ನೀಲೇಗೌಡ ಕಾಡಿಗೆ ಹೊರಡುವ ಮುನ್ನ ಹೆಂಡತಿಯ ಮೇಲೆ ಅನುಮಾನಪಟ್ಟು ಬಲಗೈ ಭಾಷೆ ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವಳಿಗೆ ಚಿತ್ರಹಿಂಸೆ ಕೊಟ್ಟು, ಕೂಡಿಹಾಕಿ ಹೋಗುತ್ತಾನೆ. ಮಕ್ಕಳಿಲ್ಲದ ಆ ಹೆಣ್ಣಿನ ಮೊರೆ ಕೇಳಿ ಬರುವವನು ಮಾದಪ್ಪ, ಅಂದರೆ ಮಹದೇಶ್ವರ. ಕಾರಯ್ಯ, ಬಿಲ್ಲಯ್ಯ ಎಂಬ ಇಬ್ಬರು ಮಕ್ಕಳನ್ನು ಕರುಣಿಸುವವನೂ ಅವನೇ.

ಅನುಮಾನ, ಹೊಡೆತ, ಮಕ್ಕಳಾಗಲಿಲ್ಲವೆಂಬ ಹೀಯಾಳಿಕೆ: ಇವೆಲ್ಲವನ್ನೂ ಹಿಂಸೆ ಎಂದೇ ಕರೆಯುವ ಕಾನೂನು ಈಗಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ಸಂರಕ್ಷಿಸುವ 2005ರ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಗಂಡು ಮಗು ಹೆರಲಿಲ್ಲವೆಂದು ಮೂದಲಿಸುವುದು, ಸಂಸಾರಕ್ಕೆ ಕಾಸು ಕೊಡದಿರುವುದು, ಅವಳ ಒಡವೆ ಮಾರಿಕೊಳ್ಳುವುದು ಕೂಡ ಅದರ ವ್ಯಾಪ್ತಿಗೆ ಬರುತ್ತವೆ. ರೇಷ್ಮೆ ಕೆಲಸದ ಕೂಲಿಯನ್ನೋ ಗೃಹಲಕ್ಷ್ಮಿಯ ಎರಡು ಸಾವಿರವನ್ನೋ ಕಿತ್ತುಕೊಂಡರೆ ಅದೂ ಅಷ್ಟೇ. ಹೆಂಡತಿಗೆ ಮಾತ್ರವಲ್ಲ, ಒಂದೇ ಮನೆಯಲ್ಲಿ ಬಾಳುವ ತಾಯಿ, ಅಕ್ಕತಂಗಿ, ವಿಧವೆ ಸೊಸೆಗೂ ಈ ಕಾಯ್ದೆಯ ರಕ್ಷಣೆ ಉಂಟು.

ಆದರೂ ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡನಿಂದ ಹಿಂಸೆ ಅನುಭವಿಸಿದ್ದೇವೆಂದು ಹೇಳಿಕೊಂಡ ಮಹಿಳೆಯರ ಪ್ರಮಾಣ ದೇಶದಲ್ಲೇ ಕರ್ನಾಟಕದಲ್ಲಿ ಅತಿ ಹೆಚ್ಚು, ಶೇ 44.4. ಅದೇ ಸಮೀಕ್ಷೆಯ ಇನ್ನೊಂದು ಅಂಕಿ ಇದಕ್ಕಿಂತಲೂ ಕಳವಳಕಾರಿ. ದೇಶದಾದ್ಯಂತ ಹಿಂಸೆ ಉಂಡವರಲ್ಲಿ ನೆರವು ಕೇಳಿದವರು ಶೇ 14 ಮಾತ್ರ. ಕೇಳಿದವರಲ್ಲೂ ಹೆಚ್ಚಿನವರು ಹೋದದ್ದು ತವರಿಗೆ. ತವರಿನಲ್ಲಿ ಸಿಗುವ ಉತ್ತರ ನಮಗೆಲ್ಲ ಗೊತ್ತಿರುವುದೇ: ‘ಏನ್ ಮಾಡಕ್ಕಾದದವ್ವ, ಅನುಸರಿಸ್ಕಂಡು ಹೋಗು.’

ಹಾಗಾಗಿ ಈ ಕಾಯ್ದೆಯಲ್ಲಿ ಊರಿನ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದದ್ದು ನಾಲ್ಕನೇ ಸೆಕ್ಷನ್. ದೂರು ಕೊಡಲು ಏಟು ತಿಂದವಳೇ ಎದ್ದು ಬರಬೇಕಿಲ್ಲ. ಪಕ್ಕದ ಮನೆಯಾಕೆ, ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದ ಗೆಳತಿ, ಮೇಷ್ಟ್ರು, ಯಾರು ಬೇಕಾದರೂ ಮಾಹಿತಿ ಕೊಡಬಹುದು. ಸದ್ಭಾವನೆಯಿಂದ ಹೇಳಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ. ಗೋಡೆಯಾಚೆಯ ಕೂಗು ಕೇಳಿಯೂ ‘ಗಂಡ ಹೆಂಡತಿ ಜಗಳ, ನಮಗ್ಯಾಕೆ’ ಎಂದು ಕದ ಹಾಕಿಕೊಳ್ಳುವವರಿಗೆ ಇದು ತಿಳಿದಿರಬೇಕು. ಮಾಹಿತಿ ಕೊಡುವ ಮುನ್ನ ಆಕೆಯನ್ನೇ ಗುಟ್ಟಾಗಿ ಒಂದು ಮಾತು ಕೇಳುವುದು ಒಳ್ಳೆಯದು. ಸುದ್ದಿ ಮೊದಲು ಗಂಡನ ಕಿವಿಗೆ ಬಿದ್ದರೆ ಅವಳಿಗೇ ಅಪಾಯ.

ಮಾಹಿತಿ ಯಾರಿಗೆ? ಕಾಯ್ದೆ ಹೇಳುವ ‘ಸಂರಕ್ಷಣಾಧಿಕಾರಿ’ಗೆ. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಈ ಹೊಣೆ ಇರುವುದು ಸಿಡಿಪಿಓಗೆ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಅಂಗನವಾಡಿಯ ಮೊಟ್ಟೆ, ಪೌಷ್ಟಿಕ ಆಹಾರದ ಅಧಿಕಾರಿ ಎಂದು ಜನ ತಿಳಿದಿರುವವರೇ ಹೊಡೆತದ ದೂರನ್ನೂ ಬರೆದುಕೊಳ್ಳಬೇಕಾದವರು. ಬಾಣಂತಿಯ ಚೀಟಿಗೆಂದು ಹೋದವಳು ಅದೇ ಕಚೇರಿಯಲ್ಲಿ ತನ್ನ ಸಂಕಟ ಹೇಳಿಕೊಳ್ಳಬಹುದು. ಅಧಿಕಾರಿ ‘ಕೌಟುಂಬಿಕ ಘಟನಾ ವರದಿ’ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ವಕೀಲರಿಲ್ಲ, ಕಾಸಿಲ್ಲವೆಂಬ ಕಾರಣಕ್ಕೆ ಇದು ನಿಲ್ಲಬಾರದು. ನೂರಾರು ಅಂಗನವಾಡಿ ನೋಡಿಕೊಳ್ಳುವ ಒಬ್ಬರೇ ಅಧಿಕಾರಿಯ ಮೇಲೆ ಇದನ್ನೂ ಹೊರಿಸಿದರೆ ಎಷ್ಟು ನಡೆದೀತು ಎಂಬ ಪ್ರಶ್ನೆ ನ್ಯಾಯವಾದದ್ದೇ. 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸಬೇಕು, ಕಾಯ್ದೆಯ ಬಗ್ಗೆ ಪ್ರಚಾರ ಮಾಡಬೇಕು ಎಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಕಾಯ್ದೆ ಬಂದು ಇಷ್ಟು ವರ್ಷವಾದ ಮೇಲೂ ಅದನ್ನು ಕೋರ್ಟು ಹೇಳಬೇಕಾಯಿತು.

ದೂರು ಕೊಟ್ಟರೆ ಗಂಡ ಜೈಲಿಗೆ ಹೋಗುತ್ತಾನೆ, ಸಂಸಾರ ಮುರಿಯುತ್ತದೆ ಎಂಬ ಭಯ ಅನೇಕರದ್ದು. ಈ ಕಾಯ್ದೆಯ ದಾರಿ ಬೇರೆ. ಆಕೆ ಕೇಳುವುದು ರಕ್ಷಣೆ, ಇರಲು ಸೂರು, ಜೀವನಕ್ಕೆ ಹಣ, ಮಕ್ಕಳನ್ನು ತನ್ನೊಂದಿಗೆ ಇಟ್ಟುಕೊಳ್ಳುವ ಹಕ್ಕು. ಇವುಗಳಲ್ಲಿ ಸೂರಿನ ಹಕ್ಕೇ ಬಲು ದೊಡ್ಡದು. ಮನೆಯ ಖಾತೆ ಮಾವನ ಹೆಸರಿನಲ್ಲಿದ್ದರೂ ಸೊಸೆ ಬಾಳಿದ ಮನೆಯಿಂದ ಅವಳನ್ನು ಬೇಕಾಬಿಟ್ಟಿ ಹೊರದಬ್ಬುವಂತಿಲ್ಲ. ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಈ ಹಕ್ಕನ್ನು ಬಲಪಡಿಸಿತು. ಅಗತ್ಯ ಕಂಡರೆ ಹೊಡೆಯುವ ಗಂಡನೇ ಮನೆ ಬಿಟ್ಟಿರಬೇಕೆಂದು ಮ್ಯಾಜಿಸ್ಟ್ರೇಟರು ಹೇಳಬಹುದು. ರಾತ್ರಿ ಮಗುವನ್ನು ಎತ್ತಿಕೊಂಡು ಬೀದಿಗೆ ಬರುವವಳು ಯಾವಾಗಲೂ ಅವಳೇ ಆಗಬೇಕಿಲ್ಲ.

ಕ್ರಿಮಿನಲ್ ಕೇಸು ಬೇಕೆಂದರೆ ಅದಕ್ಕೂ ತಡೆಯಿಲ್ಲ. ಗಂಡ ಮತ್ತವನ ಕಡೆಯವರ ಕ್ರೌರ್ಯಕ್ಕೆ ಶಿಕ್ಷೆ ವಿಧಿಸುವ ಹಳೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್ ಆಗಿದೆ. ಆದರೆ ಠಾಣೆಯಲ್ಲಿ ಬಹಳ ಸಲ ನಡೆಯುವುದು ಬುದ್ಧಿಮಾತು, ಒಂದು ಮುಚ್ಚಳಿಕೆ. ಊರಲ್ಲಾದರೆ ಯಜಮಾನರ ನ್ಯಾಯ. ರಾಜಿಯಾಗಿ ಬಾಳುವುದಾದರೆ ಯಾರೂ ಬೇಡವೆನ್ನರು. ಆದರೆ ಮುಚ್ಚಳಿಕೆಗೆ ಕೋರ್ಟಿನ ಆದೇಶದ ಬಲವಿಲ್ಲ. ಮತ್ತೆ ಕೈ ಎತ್ತಿದರೆ ಅವಳು ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ದೂರದ ಸಮಸ್ಯೆ ಬೇರೆಯೇ. ಕೊಳ್ಳೇಗಾಲ ಪಟ್ಟಣದವಳಿಗೆ ಕೋರ್ಟು, ಠಾಣೆ, ಸರ್ಕಾರಿ ಆಸ್ಪತ್ರೆ ಎಲ್ಲ ಹತ್ತಿರ. ಮಾದಪ್ಪನ ಬೆಟ್ಟದ ಸುತ್ತಲ ಇಂಡಿಗನತ್ತ, ಮೆಂದಾರೆ, ತುಳಸಿಕೆರೆಯವಳು ಕಾಡುದಾರಿ ಇಳಿದು ಬರಬೇಕು. ಫೋನು ಸಿಕ್ಕುವ ಕಡೆ 181 ಮಹಿಳಾ ಸಹಾಯವಾಣಿ. ಆ ಗಳಿಗೆಯಲ್ಲೇ ಜೀವಭಯವಿದ್ದರೆ 112. ಬಿಳಿಗಿರಿರಂಗನ ಬೆಟ್ಟದ ಪೋಡುಗಳ ಸೋಲಿಗ ಹೆಣ್ಣುಮಕ್ಕಳಿಗೆ 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ಹತ್ತಿರದಲ್ಲಿದೆ. ಯಾವ ಆಸ್ಪತ್ರೆಯೇ ಆಗಲಿ, ‘ಜಾರಿ ಬಿದ್ದೆ’ ಎನ್ನದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬರೆಸಬೇಕು. ಆ ಗಾಯದ ಚೀಟಿ ಮುಂದೆ ದೊಡ್ಡ ಸಾಕ್ಷಿ.

ಅಂದು ರಾತ್ರಿ ತಂಗಲು ಜಾಗವಿಲ್ಲದವಳಿಗೆ ಜಿಲ್ಲಾ ಕೇಂದ್ರದಲ್ಲಿ ಸಖಿ ಒನ್ ಸ್ಟಾಪ್ ಸೆಂಟರ್ ಇದೆ. 2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆಯಿದು. ಚಿಕಿತ್ಸೆ, ಪೊಲೀಸ್ ನೆರವು, ಆಪ್ತ ಸಮಾಲೋಚನೆ, ಕಾನೂನು ಸಲಹೆ ಒಂದೇ ಕಡೆ ಸಿಗಬೇಕು. ಐದು ದಿನದವರೆಗೆ ತಂಗಬಹುದು. ಹನೂರಿನಿಂದ ಕೊಳ್ಳೇಗಾಲ, ಯಳಂದೂರು, ಸಂತೆಮರಹಳ್ಳಿ ಹಾದು ಚಾಮರಾಜನಗರಕ್ಕೆ ಹೋಗುವ ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ಕೈಯಲ್ಲಿ ಬಿಡಿಗಾಸಿಲ್ಲದೆ ಮನೆ ಬಿಟ್ಟವಳಿಗೆ ಇದು ಸಣ್ಣ ಮಾತಲ್ಲ, ಆಧಾರ್ ಕಾರ್ಡೊಂದು ಜೊತೆಗಿದ್ದರೆ ಸಾಕು. ಹೆಚ್ಚು ದಿನ ನೆಲೆ ಬೇಕಾದವರಿಗೆ ಮೈಸೂರಿನಲ್ಲಿ ಪಾರ್ವತಮ್ಮ ರಾಜ್‌ಕುಮಾರ್ ಅವರು ನಡೆಸಿಕೊಂಡು ಬಂದ ಶಕ್ತಿಧಾಮದಂಥ ಆಶ್ರಯಗಳಿವೆ.

ವಕೀಲರ ಫೀಸಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಕೋರ್ಟಿನ ಆವರಣದ ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು, 15100ಕ್ಕೆ ಫೋನ್ ಮಾಡಬಹುದು. ಗಡಿಯ ಈ ಸೀಮೆಗೆ ಇನ್ನೊಂದು ಅನುಕೂಲವೂ ಉಂಟು. ತಾಳವಾಡಿಗೋ ಮೆಟ್ಟೂರಿಗೋ ಕೊಟ್ಟ ಮಗಳು ಏಟು ತಿಂದು ಹನೂರಿನ ತವರಿಗೆ ಬಂದು ಕೂತಿದ್ದರೆ, ಕೇಸಿಗಾಗಿ ತಮಿಳುನಾಡಿಗೆ ಅಲೆಯಬೇಕಿಲ್ಲ. ಅವಳು ಈಗ ಎಲ್ಲಿದ್ದಾಳೋ ಅಲ್ಲಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಅರ್ಜಿ ಹಾಕಬಹುದು.

ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ತೀರ್ಮಾನ ಆದಷ್ಟೂ ಅರವತ್ತು ದಿನದೊಳಗೆ ಎಂದು ಕಾಯ್ದೆ ಹೇಳುತ್ತದೆ. ಕೋರ್ಟಿನ ವಾಯಿದೆಗಳು ಅಷ್ಟಕ್ಕೆ ನಿಲ್ಲುವುದು ಅಪರೂಪ. ಅದಕ್ಕೇ ಮೊದಲ ದಿನವೇ ಮಧ್ಯಂತರ ಆದೇಶ ಕೇಳಬೇಕು. ಆದೇಶದ ಪ್ರತಿ ಉಚಿತವಾಗಿ ಅವಳಿಗೂ ಸಿಗುತ್ತದೆ, ಆಯಾ ಠಾಣೆಗೂ ಹೋಗುತ್ತದೆ. ರಕ್ಷಣಾ ಆದೇಶವಿದ್ದೂ ಗಂಡ ಮತ್ತೆ ಬಾಗಿಲಿಗೆ ಬಂದು ಗಲಾಟೆ ಎಬ್ಬಿಸಿದರೆ, ರಾಮಾಪುರವಾಗಲಿ ಯಳಂದೂರಾಗಲಿ, ಅವಳು ಆ ಪ್ರತಿ ಹಿಡಿದು ಠಾಣೆಗೆ ಹೋಗಬಹುದು. ಆಗ ಮುಚ್ಚಳಿಕೆಯ ಮಾತೇ ಬರುವುದಿಲ್ಲ. ಆದೇಶ ಮೀರಿದ್ದಕ್ಕೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು.